ನಮ್ಮತ್ತೆಯ ನಾಲ್ಕು ಮುಖದ ನೆಂಟ

ವಾಷಿಂಗ್ಟನ್ನಿನ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ವಶೀಲಿ ಇಲ್ಲದವರು ಯಾರಿದ್ದಾರೆ ಹೇಳಿ! ಒಬ್ಬರಿಗೆ ಯಾವನೋ ಸೆನೆಟರನ ಸೆಕ್ರೆಟರಿ ಗೊತ್ತು. ಇನ್ನೊಬ್ಬರ ಮಗಳ ಆಫೀಸಿನ ಕಿಟಕಿಯಿಂದ ಶ್ವೇತಭವನದ ಬೇಲಿ ಕಾಣುತ್ತದೆ. ಮತ್ತೊಬ್ಬರಿಗೆ ಎಂಬೆಸಿಯ ಅಡಿಗೆಯವನ ಪರಿಚಯ. (ಪಾರ್ಟಿಗಳಲ್ಲಿ ಈ ಕೊನೆಯವರಿಗೇ ಹೆಚ್ಚು ಮರ್ಯಾದೆ.) ಆದರೆ ನಮ್ಮತ್ತೆಯ ಮುಂದೆ ಇವರೆಲ್ಲ ಯಾವ ಲೆಕ್ಕ? ತೊಂಬತ್ತರ ದಶಕದಲ್ಲಿ ಆ ರಾಜಧಾನಿಯಲ್ಲಿ ನಮ್ಮತ್ತೆಗೆ ಒಬ್ಬ ನೆಂಟನಿದ್ದ. ಅವನಿಗೆ ನಾಲ್ಕು ಮುಖ! ಎದುರಿಗೆ ಮನುಷ್ಯ, ಒಂದು ಪಕ್ಕಕ್ಕೆ ಸಿಂಹ, ಇನ್ನೊಂದು ಪಕ್ಕಕ್ಕೆ ವರಾಹ, ಬೆನ್ನ ಕಡೆಗೆ ಹಲ್ಲು ಕಿರಿದ ರಾಕ್ಷಸ.

"ವಾಷಿಂಗ್ಟನ್ನಲ್ಲಿರೋರಿಗೆಲ್ಲ ಅಷ್ಟು ಮುಖ ಇದ್ದೇ ಇರತ್ತೆ ಬಿಡು. ಇವನು ಮುಚ್ಚಿಟ್ಕೊಂಡಿಲ್ಲ, ಅಷ್ಟೆ" ಎನ್ನುತ್ತಿದ್ದಳು ಅತ್ತೆ.

ಅತ್ತೆ ಎಂದರೆ ನನ್ನಪ್ಪನ ತಂಗಿ. ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಅವಳ ಮನೆ. ಹತ್ತಿರದ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕ ನಾನು ಅವಳ ಬೇಸ್‌ಮೆಂಟಿನಲ್ಲಿ ಬಿಡಾರ ಹೂಡಿದ್ದೆ. ಅವಳ ವಾರಗೆಯ ಹೆಂಗಸರೆಲ್ಲ ಲ್ಯಾಬು, ಬ್ಯಾಂಕು, ಲೈಬ್ರರಿ ಅಂತ ನೆರಳಿನ ಕೆಲಸ ಹಿಡಿದಿದ್ದರೆ ನಮ್ಮತ್ತೆ ಹಿಡಿದದ್ದು ಸ್ಕೂಲ್ ಬಸ್ಸಿನ ಸ್ಟಿಯರಿಂಗು! ವಜ್ರದ ಮೂಗುಬೊಟ್ಟು, ಕಾಸಗಲ ಕುಂಕುಮ, ಉಣ್ಣೆಯ ಕೈಗವಸು, ಈ ವೇಷದಲ್ಲಿ ಬೆಳಗಿನ ಮಂಜಿನೊಳಗೆ ಆ ಹಳದಿ ಆನೆಯನ್ನು ಅವಳು ತಿರುಗಿಸುವುದನ್ನು ನೀವು ನೋಡಬೇಕಿತ್ತು. ಇಳಿಯುವ ಒಂದೊಂದು ಮಗುವಿಗೂ "ಜೋಪಾನ" ಎಂದು ಹೇಳಿ ಹೇಳಿ, ಆ ಬಸ್ಸಿನ ಮಕ್ಕಳೆಲ್ಲ, ಕೊರಿಯಾದವಾಗಲಿ ಅಲ್ಲಿಯವೇ ಆಗಲಿ, ಒಬ್ಬರಿಗೊಬ್ಬರು "ಜೋಪಾನಾ!" ಎಂದು ಕೂಗಿಕೊಂಡೇ ಇಳಿಯುತ್ತಿದ್ದವು. ಇದೇನು ಬೈಗುಳವೋ ಏನೋ ಎಂದು ಒಬ್ಬ ತಾಯಿ ಸ್ಕೂಲಿಗೆ ಫೋನ್ ಮಾಡಿ ವಿಚಾರಿಸಿದ್ದಳಂತೆ.

ಇಷ್ಟು ದೊಡ್ಡ ಬಸ್ಸು ಓಡಿಸುವವಳು ಕಾರು ಮಾತ್ರ ಮುಟ್ಟುತ್ತಿರಲಿಲ್ಲ ಎಂದರೆ ನಂಬುತ್ತೀರಾ? "ಚಾಪೆ ಮೇಲೆ ಕೂತಂಗಾಗತ್ತೆ ಕಣೇ, ರಸ್ತೆನೇ ಕಾಣಲ್ಲ" ಎನ್ನುವುದು ಅವಳ ತಕರಾರು. ಹಾಗಾಗಿ ನಾನೇ ಸಾರಥಿ. ಆದರೆ ಪಕ್ಕದ ಸೀಟಿನಲ್ಲಿ ಕೂತರೂ ರೈಲು ಹಳಿ ಬಂತೆಂದರೆ "ನಿಲ್ಸು!" ಎನ್ನುವಳು. ಸ್ಕೂಲ್ ಬಸ್ಸು ಹಳಿಯ ಮುಂದೆ ನಿಂತು, ಬಾಗಿಲು ತೆಗೆದು, ಕಿವಿಗೊಟ್ಟು ಕೇಳಿ ಆಮೇಲೆ ದಾಟಬೇಕೆಂಬುದು ಅಲ್ಲಿಯ ಕಾನೂನು. ಅತ್ತೆ ನನ್ನ ಪುಟ್ಟ ಕಾರಿನ ಬಾಗಿಲನ್ನೂ ತೆಗೆದು, ತಲೆ ಹೊರಗೆ ಹಾಕಿ, ಎರಡೂ ಕಡೆ ನೋಡಿ, "ಹೂಂ, ಈಗ ಹೋಗು" ಎಂದು ಅಪ್ಪಣೆ ಕೊಡುವಳು. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ತೋಳನ್ನು ಅಡ್ಡಕ್ಕೆ ಚಾಚುವಳು. ಅದು ಬಸ್ಸಿನ ಪಕ್ಕಕ್ಕೆ ಚಾಚಿಕೊಳ್ಳುವ ಸ್ಟಾಪ್ ಬೋರ್ಡಂತೆ!

ಈ ಮಹಾತಾಯಿಯನ್ನು ಎದುರು ಹಾಕಿಕೊಳ್ಳುವ ಎದೆಗಾರಿಕೆ ಇದ್ದದ್ದು ಮಾವನಿಗೆ ಮಾತ್ರ, ಅದೂ ಒಂದೇ ಒಂದು ವಿಷಯದಲ್ಲಿ. ದಿನಾ ಬೆಳಿಗ್ಗೆ ಮಡಿಯುಟ್ಟು, ದೇವರ ಪೂಜೆ ಮುಗಿಸಿ, ತಟ್ಟೆಯ ಮುಂದೆ ಕೂತು, ಮೊದಲ ತುತ್ತು ಬಾಯಿಗಿಟ್ಟು "ಉಪ್ಪು ಕಮ್ಮಿ ಕಣೇ" ಎನ್ನುವರು. "ನಿಮ್ಮ ನಾಲಿಗೆ ಕೆಟ್ಟಿದೆ, ಉಪ್ಪು ಸರಿಯಾಗೇ ಇದೆ" ಎಂದು ಅತ್ತೆ ತಿರುಗಿಸಿ ಕೊಡುವಳು. ಮದುವೆಯಾದಂದಿನಿಂದ ನಡೆದು ಬಂದಿದ್ದ ಈ ಜಗಳ ಹಿಂದಿನ ಚಳಿಗಾಲದಲ್ಲಿ ನಿಂತುಹೋಗಿತ್ತು. ಮಾವನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಕಾಲೆಳೆದುಕೊಂಡಾದರೂ ಓಡಾಡುವಂತಾಯಿತು. ಬಲಗೈ ಮಾತ್ರ ಹೆಗಲಿಗೆ ಹಾಕಿದ ಒದ್ದೆ ಟವೆಲಿನ ಹಾಗೆ ಜೋತುಬಿತ್ತು.

ಎಡಗೈಯಲ್ಲಿ ದೇವರಿಗೆ ಹೂವೇರಿಸುವುದುಂಟೆ? ಮಾವ ಪೂಜೆ ಬಿಟ್ಟರು. ಎಡಗೈಯಲ್ಲಿ ನಾಲ್ಕು ಜನರ ಎದುರು ಉಣ್ಣುವುದುಂಟೆ? ಕೆಳಗೆ ಇಳಿದು ಬರುವುದನ್ನೂ ಬಿಟ್ಟರು. ಮಹಡಿಯ ರೂಮಿನ ಬಾಗಿಲು ಹಾಕಿಕೊಂಡು, ಅತ್ತೆ ಇಟ್ಟದ್ದನ್ನು ಯಾರಿಗೂ ಕಾಣದ ಹಾಗೆ ತಿಂದು, ತಟ್ಟೆಯನ್ನು ಹೊರಗೆ ಸರಿಸುವರು. ಉಪ್ಪಿನ ಮಾತೇ ಇಲ್ಲ! ಅತ್ತೆ ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಕಳಿಸಿದಳು. ತಟ್ಟೆ ಖಾಲಿಯಾಗಿ ಬಂತು, ಮಾತು ಬರಲಿಲ್ಲ. ಆವತ್ತು ಅವಳು ಸಿಂಕಿನ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು.

"ಇವರನ್ನ ಕೆಳಗಿಳಿಸದೆ ನಾನು ಬಿಡಲ್ಲ, ನೋಡ್ತಿರು ಪುಟ್ಟಿ" ಎಂದಳು. ಬಿಡುವವಳೂ ಅಲ್ಲ. ಆದರೆ ಡಾಕ್ಟರು ಹೇಳಿದರೂ, ಮಕ್ಕಳು ಫೋನಿನಲ್ಲಿ ಬೇಡಿಕೊಂಡರೂ ಮಾವ ಜಪ್ಪಯ್ಯ ಅನ್ನಲಿಲ್ಲ.

ನೆಂಟನ ಪರಿಚಯವಾದದ್ದು ಆ ವಸಂತದಲ್ಲಿ. ನಾಲ್ಕನೇ ಕ್ಲಾಸಿನ ಮಕ್ಕಳನ್ನು ಫೀಲ್ಡ್ ಟ್ರಿಪ್ಪಿಗೆಂದು ಅತ್ತೆ ವಾಷಿಂಗ್ಟನ್ನಿನ ಮ್ಯೂಸಿಯಮ್ಮೊಂದಕ್ಕೆ ಕರೆದೊಯ್ದಿದ್ದಳು. ಮಕ್ಕಳನ್ನು ನೋಡಿಕೊಳ್ಳಲು ಬರಬೇಕಿದ್ದ ಯಾರೋ ಕೈಕೊಟ್ಟರು. "ನೀವೂ ಒಳಗೆ ಬರ್ತೀರಾ?" ಎಂದು ಟೀಚರು ಇವಳನ್ನೇ ಕೇಳಿದರು. ಒಳಗೆ ಹೋದರೆ ಏಷ್ಯಾದ ವಿಭಾಗದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ಮೊಣಕಾಲೆತ್ತರದ ಲೋಹದ ವಿಷ್ಣು! ಕಾಶ್ಮೀರದವನು, ಸಾವಿರ ವರ್ಷಕ್ಕೂ ಹಿಂದಿನವನು, ಬೆನ್ನಿಗೂ ಒಂದು ರಾಕ್ಷಸನ ಮುಖವಿದೆ ಎಂದು ಪಕ್ಕದಲ್ಲಿ ಬರೆದಿತ್ತಂತೆ. ಬೆಳ್ಳಿ ಕೂರಿಸಿದ ಕಣ್ಣು, ಮೊಣಕಾಲಿನ ತನಕ ಇಳಿಬಿದ್ದ ವನಮಾಲೆ, ಪಾದಗಳ ನಡುವೆ ಪುಟಾಣಿ ಭೂದೇವಿ, ಸೊಂಟದಲ್ಲೊಂದು ಚೂರಿ. "ವಿಷ್ಣುಗೆ ಚೂರಿ ಯಾಕತ್ತೆ?" ಎಂದು ಆಮೇಲೆ ನಾನು ಕೇಳಿದ್ದಕ್ಕೆ, "ಒಬ್ಬನೇ ಇದಾನಲ್ಲ, ತರಕಾರಿ ಹೆಚ್ಕೊಳ್ಳೋಕೆ ಬೇಡ್ವಾ?" ಎಂದಳು.

ಅತ್ತೆ ಮಾಡಿದ ಮೊದಲನೆಯ ಕೆಲಸ ಶೂ ಬಿಚ್ಚಿದ್ದು. ಡ್ರೈವರಮ್ಮ ಬಿಚ್ಚಿದ್ದನ್ನು ನೋಡಿ ಮಕ್ಕಳೂ ಬಿಚ್ಚಿದವು. ಎರಡನೆಯ ಕೆಲಸ ಪ್ರದಕ್ಷಿಣೆ. ಇಲ್ಲಿ ತೊಡಕಾಯಿತು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಸುತ್ತಲು ಜಾಗವೇ ಇಲ್ಲ. ನೀವೋ ನಾನೋ ಆಗಿದ್ದರೆ ನಿಂತಲ್ಲೇ ಒಂದು ಸುತ್ತು ತಿರುಗಿ, ಕೆನ್ನೆ ಬಡಿದುಕೊಂಡು ಸುಮ್ಮನಾಗುತ್ತಿದ್ದೆವು. ಅತ್ತೆ ರೂಟು ಹುಡುಕುವ ಹೆಂಗಸು! ಆ ಕೋಣೆಯಿಂದ ಹೊರಬಿದ್ದು, ಪಕ್ಕದ ಚೀನಾ ಪಿಂಗಾಣಿಯ ಕೋಣೆಯನ್ನು ಹೊಕ್ಕು, ಗೋಡೆಯ ಆಚೆ ರಾಕ್ಷಸನ ಮುಖ ಇರಬಹುದಾದ ಅಂದಾಜಿಗೆ ಒಂದು ಹೂದಾನಿಗೆ ಕೈಮುಗಿದು, ಜಪಾನಿನ ಪರದೆಗಳ ನಡುವೆ ನುಸುಳಿ ಮತ್ತೆ ವಿಷ್ಣುವಿನ ಎದುರಿಗೆ ಬಂದಳು. ಹಿಂದೆ ಸಾಲಾಗಿ, ಶೂ ಕೈಯಲ್ಲಿ ಹಿಡಿದ ನಾಲ್ಕನೇ ಕ್ಲಾಸು! ಹೀಗೆ ಮೂರು ಸುತ್ತು. ಪಿಂಗಾಣಿಯ ಕೋಣೆಯ ಕಾವಲುಗಾರ ಮೊದಲನೆಯ ಸುತ್ತಿಗೆ ನಕ್ಕನಂತೆ, ಎರಡನೆಯದಕ್ಕೆ "ದಾರಿ ತಪ್ಪಿತೇ ಮೇಡಂ?" ಎಂದನಂತೆ, ಮೂರನೆಯದಕ್ಕೆ ತಾನೇ ಗೋಡೆಗೆ ಸರಿದು ದಾರಿ ಬಿಟ್ಟನಂತೆ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ನನ್ನ ಕಾರು, ನನ್ನ ಪೆಟ್ರೋಲು, ಅವಳ ದರ್ಶನ! ಆ ಕಾವಲುಗಾರ ನರೆಗೂದಲಿನ ಎತ್ತರದ ಮನುಷ್ಯ, ಉತ್ತರ ಕೆರೊಲಿನಾದ ಹಳ್ಳಿಯವನು. ನಮ್ಮನ್ನು ಕಂಡೊಡನೆ "ನಿಮ್ಮವನು ಆರಾಮಾಗಿದ್ದಾನೆ ಮೇಡಂ, ವಾರವೆಲ್ಲ ಏನೂ ತಂಟೆ ಮಾಡಲಿಲ್ಲ" ಎಂದು ವರದಿ ಒಪ್ಪಿಸುವನು. ಅತ್ತೆ ಅವನ ಮಂಡಿನೋವು ವಿಚಾರಿಸುವಳು, ಅವನು ಇವಳ ಬಸ್ಸನ್ನು ವಿಚಾರಿಸುವನು, ಆಮೇಲೆ ದೇವರು.

ದೇವರ ವಿಷಯದಲ್ಲಿ ಅತ್ತೆಗಿದ್ದ ದೊಡ್ಡ ಸಂಕಟವೆಂದರೆ ಅವನ ಕಪ್ಪು. "ಏನು ಜನಾನೇ ಇವರು! ಇಷ್ಟು ದೊಡ್ಡ ಬಿಲ್ಡಿಂಗು ಕಟ್ಟಿದಾರೆ, ದೇವರನ್ನ ತಿಕ್ಕೋಕೆ ಒಬ್ಬರಿಲ್ಲ. ಒಂದು ಶುಕ್ರವಾರ ದೇವರ ಸಾಮಾನು ತಿಕ್ಕದೆ ಇದ್ರೆ ನಮ್ಮಮ್ಮ ನಮಗೆ ತಿಂಡಿ ಕೊಡ್ತಿರಲಿಲ್ಲ!" ನಾನು ತಡೆಯುವಷ್ಟರಲ್ಲಿ, ಒಂದು ಶನಿವಾರ, ಮ್ಯೂಸಿಯಮ್ಮಿನ ಮುಂಬಾಗಿಲ ಮೇಜಿಗೆ ಹೋಗಿ ಮೇಲಿನವರನ್ನು ಕರೆಸಿಯೇಬಿಟ್ಟಳು. ಶಿಲ್ಪಗಳ ಮೇಲ್ವಿಚಾರಕಿ ಸೌಮ್ಯವಾದ ಹೆಂಗಸು, ಕೈಕುಲುಕಿ ಏನು ಬೇಕೆಂದು ಕೇಳಿದಳು. ಅತ್ತೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಅವಳ ಮುಂದಿಟ್ಟಳು. ಒಳಗೆ ಕಿತ್ತಳೆ ಗಾತ್ರದ ಹುಣಸೆಹಣ್ಣಿನ ಉಂಡೆ!

"ಇದನ್ನ ನೆನೆಸಿ, ಸ್ವಲ್ಪ ಉಪ್ಪು ಹಾಕಿ ನಾನೇ ತಿಕ್ಕಿ ಕೊಡ್ತೀನಿ. ಅರ್ಧ ಗಂಟೆ ಸಾಕು. ಫಳಫಳ ಅನ್ನತ್ತೆ" ಎಂದಳು, ಇಂಗ್ಲಿಷಿನಲ್ಲಿ. ಫಳಫಳಕ್ಕೆ ಇಂಗ್ಲಿಷು ಸಿಗದೆ ಫಳಫಳ ಎಂದೇ ಹೇಳಿದಳು.

ಆ ಹೆಂಗಸಿನ ಮುಖ ಬಿಳುಚಿಕೊಂಡಿತು ಪಾಪ! ಆದರೂ ಸಮಾಧಾನವಾಗಿ ವಿವರಿಸಿದಳು. ಆ ಕಪ್ಪು ಕೊಳೆಯಲ್ಲ, ಅದು ಅವನ ವಯಸ್ಸು, ತಿಕ್ಕಿದರೆ ಹೋದದ್ದು ಮತ್ತೆ ಬರುವುದಿಲ್ಲ ಎಂದಳು. ಆಮೇಲೆ ನಮ್ಮನ್ನು ಗಾಜಿನ ಹತ್ತಿರ ಕರೆದೊಯ್ದು ತೋರಿಸಿದಳು. "ಇಲ್ಲಿ ನೋಡಿ, ಮೂಗು, ತುಟಿ, ಕೆನ್ನೆ ಹೇಗೆ ನುಣ್ಣಗೆ ಸವೆದಿವೆ! ಪೂಜೆಯಲ್ಲಿದ್ದಾಗ ತಲೆತಲಾಂತರದಿಂದ ಜನ ತೊಳೆದು, ಸವರಿ, ಒರೆಸಿದ್ದರಿಂದ ಆದದ್ದು ಅದು."

ಅತ್ತೆ ಸೋತಳು ಎಂದುಕೊಂಡಿರಾ? ನನ್ನ ಕಡೆ ತಿರುಗಿ "ಕೇಳಿಸ್ಕೊಂಡ್ಯಾ? ತಿಕ್ಕಿ ತಿಕ್ಕಿ ಮೂಗೇ ಸವೆಸಿದಾಳೆ! ಕಾಶ್ಮೀರದಲ್ಲೂ ನನ್ನಂಥವಳು ಒಬ್ಬಳಿದ್ಲು!" ಎಂದು ಬೀಗಿದಳು. ಹೊರಡುವಾಗ ಹುಣಸೆಹಣ್ಣನ್ನು ವಾಪಸು ತೆಗೆದುಕೊಳ್ಳಲಿಲ್ಲ. "ಇಟ್ಕೊಂಡಿರಿ, ಯಾವತ್ತಾದ್ರೂ ಮನಸ್ಸು ಬದಲಾಗಬಹುದು" ಎಂದಳು. ಮೇಲ್ವಿಚಾರಕಿ ಅದನ್ನೇನು ಮಾಡಿದಳೋ ಗೊತ್ತಿಲ್ಲ.

ಅಭಿಷೇಕಕ್ಕೆ ಕಲ್ಲು ಬಿತ್ತು. ಇನ್ನುಳಿದದ್ದು ನೈವೇದ್ಯ. ಒಳಗೆ ತಿಂಡಿ ತರಬಾರದೆಂಬ ಬೋರ್ಡು ಇತ್ತಲ್ಲ, ಅತ್ತೆ ಅದಕ್ಕೂ ಅರ್ಥ ಹೇಳಿದಳು. "ತಿನ್ನಬಾರದು ಅಂತ. ದೇವರೇನು ತಿಂತಾನಾ? ನೋಡ್ತಾನೆ, ಅಷ್ಟೆ." ಪುಳಿಯೋಗರೆಯ ಡಬ್ಬಿಯನ್ನು ಬ್ಯಾಗಿನೊಳಗೇ ಇಟ್ಟುಕೊಂಡು, ದೇವರ ಎದುರು ನಿಂತು, ಮುಚ್ಚಳವನ್ನು ಒಂದು ಕೂದಲೆಳೆಯಷ್ಟು ಸರಿಸಿದಳು. ದೇವರು ನೋಡಿದನೋ ಇಲ್ಲವೋ, ಇಂಗಿನ ವಾಸನೆ ಮಾತ್ರ ಚೀನಾದ ತನಕ ಹೋಯಿತು! ಕಾವಲುಗಾರ ಮೂಗರಳಿಸಿಕೊಂಡು, ಎಲ್ಲೋ ವೈರು ಸುಡುತ್ತಿದೆಯೆಂದು ಕೋಣೆ ಕೋಣೆ ಹುಡುಕಿದ. ಅತ್ತೆ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ನಿಂತಿದ್ದಳು. ಆದರೆ ನೈವೇದ್ಯವಾದ ಮೇಲೆ ಪ್ರಸಾದ ಹಂಚದೆ ಇರಲು ಅವಳ ಮನಸ್ಸು ಒಪ್ಪಬೇಕಲ್ಲ? ಬಿಡುವಿನ ಹೊತ್ತಿಗೆ ಅವನನ್ನು ಹೊರಗಿನ ಮೆಟ್ಟಿಲಿಗೆ ಕರೆದು ಪೇಪರ್ ತಟ್ಟೆಯಲ್ಲಿ ಬಡಿಸಿ ತಪ್ಪೊಪ್ಪಿಕೊಂಡಳು. ಅವನು ತಿಂದ, ಕಣ್ಣೀರು ಹಾಕಿದ, ನೀರು ಕುಡಿದ, ಮತ್ತೆ ತಟ್ಟೆ ಚಾಚಿದ. ಮುಂದಿನ ಶನಿವಾರದಿಂದ, ಅತ್ತೆ ಬ್ಯಾಗಿಗೆ ಕೈ ಹಾಕಿದ ತಕ್ಷಣ ಅವನಿಗೆ ಪಿಂಗಾಣಿಯ ಕೋಣೆಯಲ್ಲಿ ಏನೋ ಕೆಲಸ ಬರುತ್ತಿತ್ತು. ವಶೀಲಿ ಅಂದರೆ ಇದು ತಾನೆ?

ಉಳಿದ ಪ್ರಸಾದ ಮಹಡಿಗೆ ಹೋಗುತ್ತಿತ್ತು. ತಟ್ಟೆ ಖಾಲಿಯಾಗಿ, ಮಾತಿಲ್ಲದೆ ಹೊರಗೆ ಬರುತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಪ್ರತಿ ವರ್ಷ ಮಾವನೇ ಕೂರುತ್ತಿದ್ದ ಪೂಜೆ. ಈ ಸಲ ಪಕ್ಕದ ಬೀದಿಯ ದಂಪತಿ ಕೂತರು, ಮಾವನ ರೂಮಿನ ಬಾಗಿಲು ಮುಚ್ಚಿಯೇ ಇತ್ತು. ಊಟದ ಹೊತ್ತಿಗೆ ಅತ್ತೆ ತನ್ನ ನೆಂಟನ ಕಥೆ ಶುರು ಮಾಡಿದಳು. ಬಂದವರಲ್ಲಿ ಒಬ್ಬ ಹಿರಿಯರಿದ್ದರು. ಅಟ್ಲಾಂಟದ ಹತ್ತಿರದ ಡುಲುತ್‌ನಲ್ಲಿ ಮಗಳ ಮನೆಯಲ್ಲಿದ್ದು, ನೆಂಟರನ್ನು ನೋಡಲು ನಮ್ಮ ಕಡೆ ಬಂದವರು. ಶಾಸ್ತ್ರ ಬಲ್ಲವರು. ಬಲ್ಲೆ ಎಂಬುದನ್ನೂ ಚೆನ್ನಾಗಿ ಬಲ್ಲವರು!

"ವಿಗ್ರಹ ಪೂರ್ತಿ ಇದೆಯೇನಮ್ಮ?" ಎಂದರು.

"ಒಂದು ಕೈ ಮುರಿದಿದೆ, ಅಷ್ಟೆ."

"ಹಾಗಾದ್ರೆ ಭಿನ್ನವಾಯ್ತು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು ತಾಯಿ. ದೇವರು ಅದನ್ನ ಬಿಟ್ಟು ಹೋಗಿರ್ತಾನೆ. ಅಂಥದ್ದನ್ನ ನೀರಿಗೆ ಬಿಡಬೇಕು."

"ಸುಮ್ನಿರಿ ಸ್ವಾಮಿ! ಒಂದು ಕೈ ಹೋಯ್ತು ಅಂತ ಬಿಟ್ಟು ಹೋಗೋಕೆ ಅವನೇನು ಬಾಡಿಗೆಗಿದ್ನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಬಡಿಸುವ ಸೌಟು ಕೈಯಲ್ಲೇ ಇತ್ತು. "ಇನ್ನೂ ಮೂರು ಕೈ ಇದೆ, ಕಣ್ಣಲ್ಲಿ ಬೆಳಕಿದೆ. ನೀರಿಗೆ ಹಾಕೋ ಮಾತಾಡ್ತೀರಲ್ಲ, ನಿಮಗೆ ಹೇಗೆ ಬಾಯಿ ಬರತ್ತೆ?" ಎಂದಳು. ಇಷ್ಟು ಖಾರ ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಮೆಟ್ಟಿಲ ಹತ್ತಿರ ನಿಂತಿದ್ದ ನನಗೆ ಆಯಿತು. ಮಹಡಿಯ ಬಾಗಿಲು ಅಂಗೈಯಷ್ಟು ತೆರೆದಿತ್ತು.

ನೆಂಟರಿಷ್ಟರೆಲ್ಲ ಹೋದ ಮೇಲೆ ಅತ್ತೆಯೂ ನಾನೂ ಉಳಿದ ಸಜ್ಜಿಗೆಯನ್ನು ಡಬ್ಬಿಗೆ ತುಂಬುತ್ತಿದ್ದೆವು. ಮೇಲಿನಿಂದ ದನಿ ಬಂತು.

"ಯಾವ ಕೈ?"

ಅತ್ತೆ ಚಮಚೆ ಕೆಳಗಿಟ್ಟಳು. "ಬಲಗೈ ಕಣ್ರೀ. ಮುಂದಿನ ಬಲಗೈ. ತಾವರೆ ಹಿಡ್ಕೊಂಡಿದ್ದ ಕೈಯಂತೆ."

ಮೇಲಿನ ಬಾಗಿಲು ಇನ್ನಷ್ಟು ತೆರೆದುಕೊಂಡಿತು.

"ಆದ್ರೂ ನಿಂತಿದಾನಾ?"

"ನಿಂತಿದಾನೆ ಕಣ್ರೀ. ಜಬರ್ದಸ್ತಾಗಿ ನಿಂತಿದಾನೆ!"

"ಶನಿವಾರ ಕಾರಲ್ಲಿ ಜಾಗ ಇರತ್ತಾ ಅಂತ ಕೇಳು ಅವಳನ್ನ."

ಅತ್ತೆ ನನ್ನನ್ನು ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಶನಿವಾರ ಮಾವ ಶರಟು ಹಾಕಿಕೊಂಡು ಇಳಿದರು. ಗಾಲಿಕುರ್ಚಿ ಬೇಡವೆಂದರು. ಅತ್ತೆಯ ಹೆಗಲೂ ಬೇಡವೆಂದರು. ಮ್ಯೂಸಿಯಮ್ಮಿನಲ್ಲಿ ಎಡಗೈಯಿಂದ ಗೋಡೆ ಹಿಡಿದುಕೊಂಡೇ ಕಾಲೆಳೆಯುತ್ತ ನಡೆದರು. ಎದುರು ಸಿಕ್ಕವರು ನೋಡುತ್ತಾರೆಂದು ತಲೆ ಬಗ್ಗಿಸಿದ್ದರು. ದೇವರ ಮುಂದೆ ಬಂದು ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಮೊಣಕೈಯಿಂದ ಕೆಳಗಿಲ್ಲದ ಆ ಬಲಗೈಯನ್ನ, ಸವೆದ ಮೂಗನ್ನ, ಆ ಬೆಳ್ಳಿಯ ಕಣ್ಣನ್ನ.

ಅತ್ತೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ ಅಲ್ಲಿತ್ತು. ದೇವರ ಬಲಗಡೆಗೆ ಒಬ್ಬಳು ಪುಟ್ಟ ಹೆಂಗಸು ನಿಂತಿದ್ದಾಳೆ. ಹಿಂದಿನ ಬಲಗೈಯನ್ನು ದೇವರು ಅವಳ ತಲೆಯ ಮೇಲೆ ಇಟ್ಟುಕೊಂಡಿದ್ದಾನೆ. ಇಷ್ಟು ಶನಿವಾರ ನೋಡಿದ್ದರೂ ನಾನು ಗಮನಿಸಿರಲಿಲ್ಲ.

ಅತ್ತೆ ಶೂ ಬಿಚ್ಚಿ ಮಾವನ ಬಲಗಡೆಗೆ ಹೋದಳು. ಜೋತುಬಿದ್ದ ಅವರ ಕೈಯನ್ನು ತನ್ನೆರಡೂ ಕೈಗಳಿಂದ ಎತ್ತಿ, ಸ್ವಲ್ಪ ಬಗ್ಗಿ, ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಜಾರದ ಹಾಗೆ ಹಿಡಿದುಕೊಂಡಳು.

"ನೋಡಿ, ಅವನೂ ಹಿಂಗೇ ನಿಂತಿರೋದು" ಎಂದಳು.

"ಯಾರದು? ಲಕ್ಷ್ಮಿಯಾ?"

"ಅಲ್ಲ ಕಣ್ರೀ. ಅವನ ಗದೆಯಂತೆ. ಗದೆನೇ ಹೆಂಗಸಾಗಿ ನಿಂತಿದೆ."

ಮಾವ ಆ ಪುಟ್ಟ ಹೆಂಗಸನ್ನು ನೋಡಿದರು. ಅತ್ತೆಯನ್ನು ನೋಡಿದರು. "ಗದೆ! ಸರಿಯಾಗೇ ಇದೆ" ಎಂದರು.

ನಾನು ಆ ಗಂಭೀರವಾದ ಜಾಗದಲ್ಲಿ ಕಿಸಕ್ಕನೆ ನಕ್ಕುಬಿಟ್ಟೆ. ಮಾವ ಎಡಗೈಯನ್ನು ಎದೆಯ ಹತ್ತಿರ ತಂದು, ಒಂದೇ ಕೈಯಲ್ಲಿ ಮುಗಿದರು. ಆಮೇಲೆ ಪ್ರದಕ್ಷಿಣೆ. ಕೈ ಅತ್ತೆಯ ತಲೆಯಿಂದ ಹೆಗಲಿಗೆ ಇಳಿಯಿತು, ಅಲ್ಲಿಂದ ಇಳಿಯಲಿಲ್ಲ. ಚೀನಾ, ಜಪಾನು ಸುತ್ತಿ ಬರಲು ಬಹಳ ಹೊತ್ತಾಯಿತು. ಕಾವಲುಗಾರ ಗೋಡೆಗೆ ಸರಿದು, ಟೋಪಿ ತೆಗೆದು ನಿಂತಿದ್ದ.

ಹೊರಗೆ ಬಂದಾಗ ಮೆಟ್ಟಿಲಿನ ತುಂಬ ಜನ, ಐಸ್ ಕ್ರೀಮು ತಿನ್ನುವವರು, ಫೋಟೋ ಹಿಡಿಯುವವರು. ಮಾವ ಅವರ ನಡುವೆಯೇ ಕೂರಲು ಹೊರಟರು. ಬಿಡುವಿಗೆಂದು ಹೊರಬಂದಿದ್ದ ಕಾವಲುಗಾರ ಅವರ ತೋಳಿಗೆ ಕೈ ಕೊಟ್ಟು, ಅತ್ತೆಯಿಂದ ಕಲಿತ ಒಂದೇ ಒಂದು ಕನ್ನಡ ಮಾತನ್ನು ಆಡಿದ. "ಜೋಪಾನಾ, ಸರ್."

ಅತ್ತೆ ಡಬ್ಬಿ ತೆರೆದು ಪುಳಿಯೋಗರೆ ಬಡಿಸಿ, ಸ್ಪೂನು ತೆಗೆಯಲೆಂದು ಬ್ಯಾಗಿಗೆ ಕೈ ಹಾಕಿದಳು. ಅಷ್ಟರಲ್ಲಿ ಮಾವ ಎಡಗೈಯಲ್ಲಿ ಕಲಸಿ, ಎಲ್ಲರೂ ನೋಡುತ್ತಿರುವಂತೆಯೇ, ಮೊದಲ ತುತ್ತನ್ನು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

"ಉಪ್ಪು ಕಮ್ಮಿ ಕಣೇ."

ಅತ್ತೆಯ ಕೈ ಬ್ಯಾಗಿನಲ್ಲೇ ನಿಂತಿತು. ಜಗತ್ತಿನಲ್ಲಿ ಯಾರಿಗೂ ಸೋಲದ ನಮ್ಮತ್ತೆ ಅಷ್ಟು ಜನರ ನಡುವೆ ಅತ್ತುಬಿಟ್ಟಳು. ಅಳುತ್ತಲೇ, ತೋಳಿನಿಂದ ಮೂಗೊರೆಸಿಕೊಂಡು, "ಹೌದು ಕಣ್ರೀ, ಕಮ್ಮಿನೇ ಆಗಿದೆ" ಎಂದಳು.

ನಾನೂ ತಿಂದು ನೋಡಿದೆ. ಉಪ್ಪು ಸರಿಯಾಗೇ ಇತ್ತು.